ಮಾಳಿಗಿ, ಕಾಳಜಿ, ಗುಡುಗುಡಿ: ರಾಕ್ ಬ್ಯಾಂಡಿನ ಬಾಯಲ್ಲಿ ಶರೀಫರ ಮಾತು

ಪುಣೆಯಲ್ಲಿ ಒಂದು ವಾರ ಇದ್ದು ನೋಡಿ, ‘ಕಾಳಜಿ’ ಅನ್ನುವ ಮಾತು ಎಷ್ಟು ಸಲ ಕಿವಿಗೆ ಬೀಳುತ್ತದೆ ಅಂತ. ಬಸ್ ಹತ್ತಿಸಲು ಬಂದ ಗೆಳೆಯ ಹೇಳುತ್ತಾನೆ, ಔಷಧಿ ಅಂಗಡಿಯವ ಗುಳಿಗೆ ಕೊಡುತ್ತ ಹೇಳುತ್ತಾನೆ, ಫೋನ್ ಇಡುವ ಮುಂಚೆ ಪಕ್ಕದ ಮನೆಯ ಅಜ್ಜಿ ಹೇಳುತ್ತಾಳೆ: ಕಾಳಜಿ ಘ್ಯಾ. ಹುಷಾರಾಗಿರಿ, ನಿಮ್ಮನ್ನು ನೀವು ನೋಡಿಕೊಳ್ಳಿ ಅಂತ ಅದರರ್ಥ. ಅದೇ ಪದ ನಮ್ಮ ಧಾರವಾಡ, ಹಾವೇರಿ ಕಡೆಯ ಮನೆಮಾತು ಕೂಡ. ಅಲ್ಲಿ ಅದಕ್ಕೆ ಎರಡು ಮುಖ. ಮಗುವಿನ ಕಾಳಜಿ ಮಾಡುವುದು ಅಂದರೆ ಪ್ರೀತಿಯಿಂದ ನೋಡಿಕೊಳ್ಳುವುದು. ‘ನಿನಗ್ಯಾಕ ಬೇಕು ಅದರ ಕಾಳಜಿ’ ಅಂದರೆ ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ ಅಂತ.

ಈ ಊರಿನ ಒಂದು ಬಯಲಿನಲ್ಲಿ, ಒಂದು ಸಂಜೆ, ರಘು ದೀಕ್ಷಿತ್ ಪ್ರಾಜೆಕ್ಟ್ ಬ್ಯಾಂಡಿನ ಹಾಡು ಕೇಳುತ್ತ ನಿಂತಿದ್ದೆ. ಜೊತೆಗೆ ಕೆಲಸದ ಜಾಗದ ಮರಾಠಿ ಗೆಳೆಯ. ಬ್ಯಾಂಡಿನವರು ‘ಲೋಕದ ಕಾಳಜಿ’ ಎತ್ತಿಕೊಂಡರು. ಎರಡು ಸಲ ಪಲ್ಲವಿ ಬಂದ ಮೇಲೆ ಅವನು ನನ್ನ ಕಿವಿಯ ಹತ್ತಿರ ಬಾಗಿ ಕೇಳಿದ, ‘ಇದು ಮರಾಠಿ ಹಾಡಾ?’ ಕಾಳಜಿ ಗೊತ್ತಾಗಿತ್ತು, ಚಿಂತಿ ಗೊತ್ತಾಗಿತ್ತು. ನಡುವಿನದೆಲ್ಲ ಅವನಿಗೆ ಬರೀ ತಾಳ. ಅಲ್ಲ, ಇದು ಕನ್ನಡ, ಬರೆದವರು ಶಿಶುನಾಳ ಶರೀಫರು ಅಂದೆ. ‘ಶರೀಫ್? ಮುಸಲ್ಮಾನಾ?’ ಅಂದ. ಹೌದು ಅಂದೆ. ‘ಲೋಕವನ್ನು ಚೆನ್ನಾಗಿ ನೋಡಿಕೊಳ್ಳಿ ಅಂತ ಹಾಡಾ? ಒಳ್ಳೆಯ ಸಂದೇಶ’ ಅಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಡೋಲು ಜೋರಾಯಿತು. ಅವನು ಕೈ ಮೇಲೆತ್ತಿ ಕುಣಿಯಲು ಶುರು ಮಾಡಿದ.

ಆ ಹಾಡು ಹೇಳುವುದು ಹೆಚ್ಚುಕಡಿಮೆ ತದ್ವಿರುದ್ಧವಾದದ್ದು ಅಂತ ಅವನಿಗೆ ಹೇಳುವುದು ಉಳಿದೇ ಹೋಯಿತು. ಅದಕ್ಕೇ ಈ ಬರಹ. ನೀವು ವಿದ್ಯಾರ್ಥಿಯಾಗಿದ್ದರೆ, ಈ ಹಾಡುಗಳನ್ನು ಫೋನಿನಲ್ಲಿಟ್ಟುಕೊಂಡು ಕೇಳುವವರಾಗಿದ್ದರೆ, ನಾಲ್ಕೈದು ಪದಗಳ ಹಿಂದೆ ನನ್ನ ಜೊತೆ ಸ್ವಲ್ಪ ನಡೆಯಿರಿ.

ಬ್ಯಾಂಡಿನ ಪರಿಚಯ ಇಲ್ಲದವರಿಗೆ ಎರಡು ಮಾತು. ರಘು ದೀಕ್ಷಿತ್ ಹುಟ್ಟಿದ್ದು ಮಹಾರಾಷ್ಟ್ರದ ನಾಸಿಕದಲ್ಲಿ, 1974ರಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಓದಿದ್ದು ಸೂಕ್ಷ್ಮಜೀವಿ ವಿಜ್ಞಾನ, ಕಲಿತದ್ದು ಭರತನಾಟ್ಯ, ಆಮೇಲೆ ಕೈಗೆ ಬಂದದ್ದು ಗಿಟಾರ್. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ದೊಡ್ಡ ಗಂಟಲು. 2008ರಲ್ಲಿ ಮೊದಲ ಆಲ್ಬಮ್ ‘ಅಂತರಾಗ್ನಿ’ ಬಂತು, 2013ರಲ್ಲಿ ‘ಜಗ್ ಚಂಗಾ’. ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಹಾಡುತ್ತಾರೆ. ಹೊರದೇಶದ ವೇದಿಕೆಗಳಲ್ಲೂ ಕನ್ನಡದ ಹಾಡುಗಳನ್ನು ಕನ್ನಡದಲ್ಲೇ ಹಾಡುತ್ತಾರೆ, ಇದನ್ನು ಮೊದಲೇ ಮೆಚ್ಚಿ ಮುಂದಕ್ಕೆ ಹೋಗುತ್ತೇನೆ. ಕನ್ನಡದ ಹಾಡುಗಳಲ್ಲಿ ಜನ ಹೆಚ್ಚು ಕೇಳಿ ಹಾಡಿಸುವವು ಶರೀಫರವು: ಗುಡುಗುಡಿಯ ಹಾಡು, ಸೋರುವ ಮಾಳಿಗೆಯ ಹಾಡು, ಲೋಕದ ಕಾಳಜಿ, ಕೋಡಗನನ್ನು ಕೋಳಿ ನುಂಗಿದ ಹಾಡು.

ಅವರ ಹಿಂದಿ ಹಾಡುಗಳ ಹೆಸರು ಗಮನಿಸಿ. ಒಂದು ‘ಖಿಡ್ಕಿ’, ಅಂದರೆ ಕಿಟಕಿ. ಇನ್ನೊಂದು ‘ಅಂಬರ್’, ಆಕಾಶ. ನಗರದ ಹುಡುಗನ ಪದಗಳು ಇವು. ಕೋಣೆಯಲ್ಲಿ ಕೂತವನಿಗೆ ಕಿಟಕಿ ಬೇಕು, ಕಿಟಕಿಯಾಚೆ ಆಕಾಶ ಬೇಕು. ಶರೀಫರಿಂದ ಎತ್ತಿಕೊಂಡ ಹಾಡುಗಳಿಗೆ ಬಂದರೆ ಕಿಟಕಿ ಇಲ್ಲ. ಅಲ್ಲಿರುವುದು ಮಾಳಿಗಿ, ಜಂತಿ, ಒಳ್ಳು, ಒನಕೆ, ಗೋಡೆ, ಸುಣ್ಣ. ಮನೆಯೊಳಗೆ ದುಡಿಯುವವರ ಪದಗಳು. ಒಂದೇ ಬ್ಯಾಂಡಿನ ಬಾಯಲ್ಲಿ ಎರಡು ಮನೆಗಳಿವೆ ಅಂತ ಹೇಳಬಹುದು: ಒಂದರಿಂದ ಹೊರಗೆ ನೋಡುತ್ತಾರೆ, ಇನ್ನೊಂದರ ಸೂರು ಬೀಳುತ್ತಿದೆ.

ಮಾಳಿಗಿ ಎಂಬ ಪದವನ್ನೇ ಹಿಡಿಯೋಣ. ಬ್ಯಾಂಡ್ ಹಾಡುವ ಎರಡು ಶರೀಫ ಪದಗಳಲ್ಲಿ ಅದು ಬರುತ್ತದೆ, ಎರಡು ಬೇರೆ ಬೇರೆ ಕೆಲಸಕ್ಕೆ. ಸೋರುವ ಮಾಳಿಗೆಯ ಪದದಲ್ಲಿ ಇರುವ ಮನೆ ಹಾಳಾಗುತ್ತಿದೆ. ತೊಲೆ ಮುರಿದಿದೆ, ಜಂತಿಗೆ ಹುಳ ಬಿದ್ದಿದೆ, ಕೀಲು ಸಡಿಲಾಗಿದೆ, ಕತ್ತಲು, ಮೇಲೆ ಹತ್ತಿ ಸರಿಮಾಡುವ ಧೈರ್ಯ ಇಲ್ಲ. ಲೋಕದ ಕಾಳಜಿಯ ಪದದಲ್ಲಿ ಇನ್ನೂ ಕಟ್ಟದ ಮನೆಯ ಆಸೆ. ಮೇಲೊಂದು ಮಾಳಿಗಿ ಏರಿಸಬೇಕು, ಆನೆ ಅಂಬಾರಿ ಹತ್ತಬೇಕು. ಕೊನೆಗೆ ಇಳಿಯುವುದು ಮಣ್ಣಿಗೆ. ಒಂದು ಕಡೆ ಇದ್ದದ್ದನ್ನು ನೋಡಿಕೊಳ್ಳದವನು, ಇನ್ನೊಂದು ಕಡೆ ಇಲ್ಲದ್ದನ್ನು ಕಟ್ಟಲು ಹೊರಟವನು. ಇಬ್ಬರೂ ಒಬ್ಬನೇ ಅಂತ ನನ್ನ ಅನುಮಾನ. ಈ ಎರಡು ಹಾಡುಗಳನ್ನು ಒಂದರ ಹಿಂದೆ ಒಂದು ಕೇಳಿ, ನಿಮಗೂ ಹಾಗೇ ಅನಿಸಬಹುದು.

ಈಗ ವಿಷಯದ ಮೂಲಕ್ಕೆ ಬರುತ್ತೇನೆ. ಬೆಂಗಳೂರು, ಮೈಸೂರಿನವರಿಗೆ ಮಾಳಿಗೆ ಅಂದರೆ ಮಹಡಿ. ಮೇಲಿನ ಅಂತಸ್ತು ಸೋರಿದರೆ ಏನಂತೆ, ಕೆಳಗೆ ಮಲಗಿದರಾಯಿತು! ನಮ್ಮ ಕಡೆ ಮಾಳಿಗಿ ಮನಿ ಅಂದರೆ ಮಣ್ಣಿನ ಸಪಾಟು ಮಾಡಿನ ಮನೆ. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಅದರ ಮೇಲೆ ಕಟ್ಟಿಗೆ ಸೊಪ್ಪು ಹಾಸಿ, ಅದರ ಮೇಲೆ ಗೇಣುಗಟ್ಟಲೆ ಮಣ್ಣು. ಬೆಳಕಿಗೆ ಮೇಲೆ ಒಂದು ಬೆಳಕಿಂಡಿ. ಬೇಸಿಗೆಯಲ್ಲಿ ಒಳಗೆ ತಂಪು. ಆದರೆ ಈ ಮಾಡು ವರ್ಷ ವರ್ಷ ಕೆಲಸ ಕೇಳುತ್ತದೆ. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಹುಲ್ಲು ಕಿತ್ತು, ಸವಳು ಮಣ್ಣು ತಂದು ಹಾಕಿ, ತುಳಿದು, ಬಡಿದು ಗಟ್ಟಿ ಮಾಡಬೇಕು. ಒಂದು ವರ್ಷ ಬಿಟ್ಟರೆ ಮುಗಿಯಿತು. ಮೊದಲ ಜೋರು ಮಳೆಗೆ ಒಂದು ಮೂಲೆಯಲ್ಲಿ ತೊಟ್ಟಿಕ್ಕಲು ಶುರುವಾಗುತ್ತದೆ. ಪಾತ್ರೆ ಇಡುತ್ತೀರಿ. ಇನ್ನೊಂದು ಮೂಲೆ. ಇನ್ನೊಂದು ಪಾತ್ರೆ. ಮಣ್ಣು ನೆನೆದು ಭಾರವಾಗುತ್ತದೆ, ಹುಳುಕು ಜಂತಿ ಆ ಭಾರ ಹೊರಲಾರದು. ರಾತ್ರಿ ಆ ಮಾಡಿನ ಮೇಲೆ ಹತ್ತಲು ಯಾಕೆ ಭಯ ಅಂತ ಈಗ ಗೊತ್ತಾಯಿತಲ್ಲ? ಹತ್ತಿದವನ ಭಾರಕ್ಕೇ ಮಾಡು ಕುಸಿಯಬಹುದು.

ಅಂದರೆ ಶರೀಫರ ಮನೆ ಸೋರುವುದು ಹಣೆಬರಹದಿಂದಲ್ಲ. ಮಾಡಬೇಕಾದ ಕೆಲಸವನ್ನು ಮಾಡಬೇಕಾದ ತಿಂಗಳಲ್ಲಿ ಮಾಡದೆ ಇದ್ದದ್ದರಿಂದ. ಇದು ಗೊತ್ತಿಲ್ಲದೆ ‘ಮನೆ ಅಂದರೆ ದೇಹ, ಸೋರುವುದು ಅಂದರೆ ಅಜ್ಞಾನ’ ಅಂತ ಟಿಪ್ಪಣಿ ಬರೆದು ಮುಗಿಸುವುದು ನಮ್ಮ ತರಗತಿಗಳಲ್ಲಿ ನಡೆದು ಬಂದಿದೆ. ತಪ್ಪೇನಲ್ಲ. ಅಜ್ಞಾನದ ಮಾತನ್ನು ಶರೀಫರೇ ಎತ್ತುತ್ತಾರೆ. ಆದರೆ ರೂಪಕ ಕೆಲಸ ಮಾಡಬೇಕಾದರೆ ಮನೆ ಮೊದಲು ಮನೆಯಾಗಿಯೇ ನಿಲ್ಲಬೇಕು, ಆಮೇಲೆ ದೇಹ. ಜಂತಿಯ ಹುಳುಕನ್ನು ಕೈಯಿಂದ ಮುಟ್ಟಿ ನೋಡದವನಿಗೆ ಒಳಗಿನ ಹುಳುಕು ಹೇಗೆ ಕಂಡೀತು? ಪಂಡಿತರು ಪದದಿಂದ ಸೀದಾ ತತ್ವಕ್ಕೆ ಹಾರುತ್ತಾರೆ, ಬ್ಯಾಂಡಿನ ಮುಂದೆ ನಿಂತವರು ಪದದಿಂದ ಸೀದಾ ತಾಳಕ್ಕೆ ಹಾರುತ್ತಾರೆ. ಎರಡು ಜಿಗಿತಗಳ ನಡುವೆ ವಸ್ತು ಬಿದ್ದು ಹೋಗುತ್ತದೆ. ಮಣ್ಣು, ಕಟ್ಟಿಗೆ, ಚಿಲುಮೆ, ಒನಕೆ ಎಲ್ಲವೂ. ನನ್ನ ದೂರು ಇಷ್ಟೇ, ಅದನ್ನು ಇಬ್ಬರ ಮೇಲೂ ಸಮಾನವಾಗಿ ಹಾಕುತ್ತೇನೆ.

ನನಗೆ ಈ ಮನೆಯ ಪದ ಚುಚ್ಚಿದ್ದಕ್ಕೆ ಇನ್ನೊಂದು ಕಾರಣ ಉಂಟು, ಮುಚ್ಚಿಡುವುದಿಲ್ಲ. ಆ ದಿನಗಳಲ್ಲಿ ಪುಣೆಯಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ಫೋನಿನಲ್ಲಿ ಎಲ್ಲ ಸರಿ ಇರುತ್ತಿತ್ತು. ಹೆಸರು ಹೇಳಿದ ಮೇಲೆ ಒಂದು ಸಣ್ಣ ಮೌನ, ಆಮೇಲೆ ‘ಈಗಷ್ಟೇ ಬೇರೆಯವರಿಗೆ ಕೊಟ್ಟುಬಿಟ್ಟೆವು.’ ಮೂರನೆಯ ಸಲ ನಾನೇ ಮೌನದ ಸೆಕೆಂಡು ಎಣಿಸತೊಡಗಿದೆ. ಕೊನೆಗೆ ನಮ್ಮವರೇ ಹೆಚ್ಚಿರುವ ಕೊಂಢ್ವಾದಲ್ಲಿ ಸಿಕ್ಕಿತು. ಶರೀಫರ ಹಾಡಿಗೆ ಸಾವಿರಾರು ಜನ ಕೈ ಎತ್ತುವ ಊರಿನಲ್ಲೇ ಶರೀಫನೆಂಬ ಹೆಸರಿನವನಿಗೆ ಎರಡು ಕೋಣೆ ಸಿಗುವುದು ಕಷ್ಟ. ಇದನ್ನು ಬ್ಯಾಂಡಿನ ತಪ್ಪು ಅಂತ ಯಾರೂ ಹೇಳಲಾರರು. ಅವರು ಹಾಡದಿದ್ದರೆ ಆ ಊರಿನಲ್ಲಿ ಆ ಹೆಸರು ಇಷ್ಟೂ ಕೇಳುತ್ತಿರಲಿಲ್ಲ. ಆದರೆ ‘ಮನಿ’ ಅನ್ನುವ ಪದ ಅವತ್ತು ನನಗೆ ದೇಹವಾಗಿ ಕೇಳಲಿಲ್ಲ.

ಇನ್ನು ಗುಡುಗುಡಿ. ಮರಾಠಿಯಲ್ಲೂ ಅದು ಗುಡಗುಡಿ, ಹುಕ್ಕಾ. ಈ ಹಾಡು ಶುರುವಾದರೆ ಕಾಲೇಜಿನ ಹುಡುಗರು ಶಿಳ್ಳೆ ಹಾಕುತ್ತಾರೆ, ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಹೊಗೆಯ ಹಾಡು ಅಂತ ಅವರ ಭಾವನೆ. ಶರೀಫರಲ್ಲಿ ಸೇದುವುದು ಬೇರೆಯದನ್ನು: ಮನಸ್ಸೇ ಸಂಚಿ, ಮೋಹವೇ ಕೊಚ್ಚಬೇಕಾದ ಸೊಪ್ಪು, ಬುದ್ಧಿ ಬೆಂಕಿ. ಸುಟ್ಟು ಹೋಗಬೇಕಾದದ್ದು ಮೋಹ. ಅಮಲಿನ ಸಾಮಾನುಗಳನ್ನೇ ಅಮಲು ಇಳಿಸುವ ಕೆಲಸಕ್ಕೆ ಹಚ್ಚಿದ್ದಾರೆ. ಫಕೀರರ ನಡುವೆ, ಹಳ್ಳಿಯ ಮಠ ದರ್ಗಾಗಳ ಕಟ್ಟೆಯ ಮೇಲೆ ಕೂತವರ ನಡುವೆ ಗುಡುಗುಡಿ ಕೈಯಿಂದ ಕೈಗೆ ಹೋಗುತ್ತಿತ್ತು ಅನ್ನುವುದನ್ನು ಮರೆಯಬೇಡಿ. ಅವರಿಗೆ ಗೊತ್ತಿದ್ದ ವಸ್ತುವನ್ನೇ ಎತ್ತಿಕೊಂಡು ಅವರನ್ನೇ ಕೆಣಕಿದ್ದು. ಬ್ಯಾಂಡಿನವರು ಈ ಹಾಡಿನ ಕೆಣಕುವ ಗುಣವನ್ನು ಚೆನ್ನಾಗಿ ಹಿಡಿದಿದ್ದಾರೆ. ಈ ಒಂದು ಹಾಡಿನಲ್ಲಿ ಗಿಟಾರು ಶರೀಫರ ಪಕ್ಷದಲ್ಲೇ ಇದೆ ಅಂತ ನನ್ನ ಅಭಿಪ್ರಾಯ. ಆಲ್ಬಮ್ಮಿನ ಹೆಸರು ‘ಅಂತರಾಗ್ನಿ’, ಒಳಗಿನ ಬೆಂಕಿ. ಬೇಕಂತಲೇ ಇಟ್ಟರೋ ಇಲ್ಲವೋ, ಗುಡುಗುಡಿಗೆ ಬೇಕಾದ ಕೆಂಡ ಆ ಹೆಸರಿನಲ್ಲೇ ಇದೆ.

ಪುಣೆಗೂ ತನ್ನದೇ ಒಂದು ಬೆಂಕಿ ಉಂಟು. ‘ಅಗ್ನೀ’ ಅನ್ನುವ ಬ್ಯಾಂಡ್ ಈ ಊರಿನದು. ಅವರ ‘ಸಾಧೋ ರೇ’ ಹಾಡನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಆ ಸಂಬೋಧನೆ ಕಬೀರರ ಮನೆಯಿಂದ ಬಂದದ್ದು. ಉತ್ತರದ ಸೂಫಿ ರಾಕ್ ಹಾಡುಗಳಲ್ಲಿ ಕರೆಯುವ ಪದಗಳು ಇಂಥವೇ: ಸಾಧೋ, ಬಂದೇ, ಮೌಲಾ, ಯಾರ್. ದಾರಿಯಲ್ಲಿ ನಡೆಯುವವನನ್ನು, ದೇವರನ್ನು, ಪ್ರೇಮಿಯನ್ನು ಕರೆಯುವುದು. ಶರೀಫರು ಯಾರನ್ನು ಕರೆಯುತ್ತಾರೆ ನೋಡಿ: ತಂಗಿ, ತಮ್ಮ, ಮುದುಕಿ. ಗಂಡನ ಮನೆಗೆ ಹೊರಟು ಅಳುವ ತಂಗಿ, ಎಡವಿ ಬೀಳುವ ಮುದುಕಿ. ಅಡುಗೆ ಮನೆಯ ಹೊಸ್ತಿಲಲ್ಲಿ ನಿಂತು ಮಾತಾಡಿದಂತೆ. ಹೀಗಾಗಿ ಅವರ ಪದ ‘ಸೂಫಿ’ ಅನ್ನುವ ಹಣೆಪಟ್ಟಿಗೆ ಸುಲಭವಾಗಿ ಒಗ್ಗುವುದಿಲ್ಲ. ಅವರ ಪದಗಳಲ್ಲಿ ಮರುಭೂಮಿ ಇಲ್ಲ, ಮಧುಪಾತ್ರೆ ಇಲ್ಲ, ಬುಲ್‌ಬುಲ್ ಇಲ್ಲ. ಕೋಳಿ ಇದೆ.

ಕೋಳಿ ಅಂದಾಗ ನೆನಪಾಯಿತು. ಅವತ್ತು ಮನೆಗೆ ಮರಳುವ ದಾರಿಯಲ್ಲಿ ನನ್ನ ಗೆಳೆಯ, ‘ಆ ಕೊನೆಯ ಹಾಡಿನಲ್ಲಿ ಕೋಳಿ ಕೋಳಿ ಅಂತಿದ್ದರಲ್ಲ, ಮೀನುಗಾರರ ಹಾಡಾ?’ ಅಂದ. ಮರಾಠಿಯಲ್ಲಿ ಕೋಳಿ ಅಂದರೆ ಮೀನು ಹಿಡಿಯುವವರು, ಜೇಡಕ್ಕೂ ಅದೇ ಹೆಸರು. ನಾನು ಅರ್ಥ ಹೇಳಿದೆ: ಕೋಳಿ ಕೋತಿಯನ್ನು ನುಂಗಿತು, ಆಡು ಆನೆಯನ್ನು ನುಂಗಿತು, ಗೋಡೆ ಸುಣ್ಣವನ್ನು ನುಂಗಿತು, ಒಳ್ಳು ಒನಕೆಯನ್ನು ನುಂಗಿತು. ಅವನು ರಸ್ತೆಯ ಬದಿಯಲ್ಲಿ ನಿಂತೇ ನಕ್ಕ. ನಕ್ಕದ್ದು ಸರಿಯೇ. ಈ ಪದ ಮೊದಲು ನಗಿಸಬೇಕು.

ಆದರೆ ಆ ‘ನುಂಗು’ ಕ್ರಿಯಾಪದದ ಮೇಲೆ ಕಿವಿ ಇಡಿ. ಸಾಲು ಸಾಲಿಗೂ ಬರುತ್ತದೆ, ಹಲವು ಸಲ ಸಣ್ಣದು ದೊಡ್ಡದನ್ನು ಅಥವಾ ಸುಮ್ಮನೆ ಬಿದ್ದಿರುವುದು ಓಡಾಡುವುದನ್ನು ನುಂಗುತ್ತದೆ. ಮಗ್ಗದಲ್ಲಿ ಕೂತ ಮನುಷ್ಯನನ್ನೂ ಅವನ ಕೆಲಸದ ಸಾಮಾನೇ ನುಂಗುತ್ತದೆ. ನಗುತ್ತ ನಗುತ್ತ ಕೊನೆಗೆ ಬಂದರೆ ನುಂಗಿಸಿಕೊಳ್ಳುವ ಸರದಿ ಹಾಡುವವನದು; ಗುರು ಗೋವಿಂದನ ಪಾದ ಅವನನ್ನೇ ನುಂಗುತ್ತದೆ. ಅಲ್ಲಿಗೆ ಕೋತಿಯೂ ಆನೆಯೂ ಅವನೇ ಆಗಿದ್ದ ಅಂತ ಹೊಳೆಯುತ್ತದೆ. ಅಲ್ಲಮನ ಬೆಡಗಿನ ವಚನ ಓದಿದವರಿಗೆ ಈ ದಾರಿ ಹೊಸದಲ್ಲ. ‘ಫನಾ’ ಎಂಬ ಮಾತನ್ನು ಮನೆಯಲ್ಲಿ ಹಿರಿಯರ ಬಾಯಲ್ಲಿ ಕೇಳಿ ಬೆಳೆದ ನಮ್ಮಂಥವರಿಗೆ, ತನ್ನತನ ಅಳಿದು ಹೋಗುವುದನ್ನು ಇಷ್ಟು ಹಗುರಾಗಿ, ಕೋಳಿ ಕೋತಿ ಒನಕೆ ಇಟ್ಟುಕೊಂಡು ಹೇಳಬಹುದಲ್ಲ ಅಂತ ಬೆರಗು. ಫನಾ ಎಂಬ ಪದವನ್ನು ಶರೀಫರು ಇಲ್ಲಿ ಬಳಸಿಲ್ಲ. ಅವರ ಕನ್ನಡ ಕ್ರಿಯಾಪದಕ್ಕೆ ಅದರ ಅಗತ್ಯ ಬೀಳಲಿಲ್ಲ.

ಹಾಡುವ ಪದ್ಧತಿಯ ಬಗ್ಗೆ ಒಂದು ಮಾತು. ಪಲ್ಲವಿಯನ್ನು ಮತ್ತೆ ಮತ್ತೆ ಹೇಳಿ ಜನರಿಂದ ಹೇಳಿಸುವುದನ್ನು ನೋಡಿ ಕೆಲವರು ‘ಇದೆಲ್ಲ ಪಾಶ್ಚಾತ್ಯ’ ಅಂತ ಮೂಗು ಮುರಿಯುತ್ತಾರೆ. ಅವರು ನಮ್ಮ ಹಳ್ಳಿಯ ಭಜನಾ ಮೇಳ ನೋಡಿಲ್ಲ. ಅಲ್ಲೂ ಮುಂದಾಳು ಎತ್ತುತ್ತಾನೆ, ಹಿಮ್ಮೇಳ ತಿರುಗಿ ಹೇಳುತ್ತದೆ, ಒಂದೇ ಸಾಲು ಹತ್ತು ಹದಿನೈದು ಸಲ ಸುತ್ತುತ್ತದೆ. ವ್ಯತ್ಯಾಸ ಇರುವುದು ಸಮಯದಲ್ಲಿ. ಮೇಳಕ್ಕೆ ಇಡೀ ರಾತ್ರಿ ಇದೆ; ಚರಣ ಚರಣ ದಾಟಿ ಅಂಕಿತದ ತನಕ ಹೋಗಲು ಅವಸರ ಇಲ್ಲ. ಬ್ಯಾಂಡಿಗೆ ಸಿಗುವುದು ಐದಾರು ನಿಮಿಷ. ಬ್ಯಾಂಡಿನವರು ಚರಣ ಹಾಡಿದರೂ ಕೇಳುವವರ ತಲೆಯಲ್ಲಿ ಉಳಿಯುವುದು ಪಲ್ಲವಿಯೊಂದೇ. ಲೋಕದ ಕಾಳಜಿಯಲ್ಲಿ ಇದರಿಂದ ಆಗುವ ನಷ್ಟ ದೊಡ್ಡದು. ‘ಲೋಕದ ಕಾಳಜಿ ಮಾಡುತ್ತೇನೆ ಅನ್ನುತ್ತೀಯಾ, ಮಾಡಪ್ಪಾ, ಬೇಡ ಅಂದವರು ಯಾರು’ ಅನ್ನುವ ಧಾಟಿಯ ಚುಚ್ಚುಮಾತು ಅದು. ತನ್ನ ಮಾಳಿಗಿ ಸೋರುತ್ತಿರುವಾಗ ಊರ ಉಸಾಬರಿ ಹೊತ್ತವನಿಗೆ ಬಿದ್ದ ಏಟು. ಮೊದಲ ಎರಡು ಪದ ಮಾತ್ರ ಉಳಿದರೆ ಚುಚ್ಚು ಮಾಯವಾಗಿ, ನನ್ನ ಗೆಳೆಯ ಅಂದಂತೆ ‘ಒಳ್ಳೆಯ ಸಂದೇಶ’ ಉಳಿಯುತ್ತದೆ. ಮರಾಠಿಯ ಕಾಳಜಿ ಕನ್ನಡದ ಕಾಳಜಿಯನ್ನು ನುಂಗಿತು ಅನ್ನಿ.

ಸಿ. ಅಶ್ವಥ್ ಅವರ ಹೆಸರು ಹೇಳದೆ ಇದನ್ನು ಮುಂದುವರಿಸುವುದು ಸರಿಯಲ್ಲ. ಶರೀಫರ ಪದಗಳನ್ನು ಹಳೇ ಮೈಸೂರಿನ ಮಧ್ಯಮವರ್ಗದ ಮನೆಗೆ ತಂದದ್ದು ಅವರ ಕ್ಯಾಸೆಟ್ಟುಗಳು, ಆಮೇಲೆ ನಾಗಾಭರಣರ 1990ರ ‘ಸಂತ ಶಿಶುನಾಳ ಶರೀಫ’ ಚಿತ್ರ. ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾದರು. ಆ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ ಬಂತು. ಮುಸ್ಲಿಂ ಶಿಷ್ಯ, ಬ್ರಾಹ್ಮಣ ಗುರು. ಅಂದಿನಿಂದ ‘ಭಾವೈಕ್ಯ’ ಎಂಬ ಮಾತು ಶರೀಫರ ಬೆನ್ನಿಗೆ ಅಂಟಿಕೊಂಡಿದೆ, ಬ್ಯಾಂಡುಗಳಿಗೂ ಅದೇ ದಾಟಿ ಬಂದಿದೆ. ನಿರೂಪಕರು ಹಾಡಿಗೆ ಮುಂಚೆ ಹೇಳುವುದು ಇದನ್ನೇ: ಅವರು ಹುಟ್ಟಿನಿಂದ ಮುಸ್ಲಿಂ, ಆದರೂ... ಆ ‘ಆದರೂ’ ನನಗೆ ಕಿರಿಕಿರಿ. ಜಂತಿಗೆ ಹುಳ ಬೀಳುವುದು, ಒನಕೆ ಹಿಡಿಯುವುದು, ಗುಡುಗುಡಿ ಸೇದುವುದು ಮುಸ್ಲಿಮನಾಗಿದ್ದರೂ ಗೊತ್ತಿರುವ ಸಂಗತಿಗಳೇ? ಅದೇ ಓಣಿ, ಅದೇ ಮಣ್ಣು, ಅದೇ ಮಾತು. ಶರೀಫರು ಅದನ್ನು ಇನ್ನೊಬ್ಬರ ಮನೆಯಿಂದ ಸಾಲ ತಂದವರಲ್ಲ. ಇಮಾಮ್ ಸಾಹೇಬರ ಮಗನ ಮನೆಯ ಕನ್ನಡವೇ ಅದು.

ಅವರ ಅಂಕಿತವನ್ನೇ ನೋಡಿ. ಪದಗಳ ಕೊನೆಯಲ್ಲಿ ಬರುವುದು ಶಿಶುನಾಳದ ಒಡೆಯನ ಹೆಸರು, ಅಂದರೆ ಊರಿನ ಹೆಸರು. ಶರೀಫ ಅಂತ ರುಜು ಹಾಕುವ ಗೋಜಿಗೆ ಹೋಗದೆ ಊರನ್ನೇ ರುಜು ಮಾಡಿಕೊಂಡವರ ಹಾಡಿಗೆ ನಾವು ಮೊದಲು ಕೇಳುವ ಪ್ರಶ್ನೆ ‘ಮುಸಲ್ಮಾನಾ?’ ಅಂತ.

ನಮ್ಮವರನ್ನೂ ಸುಮ್ಮನೆ ಬಿಡುವ ಹಾಗಿಲ್ಲ. ‘ಶರೀಫರು ನಮ್ಮವರಾ, ಅವರು ಹಾಗೆ ಆಗಿಬಿಟ್ಟರಲ್ಲ’ ಅಂತ ದನಿ ತಗ್ಗಿಸಿ ಮಾತಾಡುವ ಹಿರಿಯರನ್ನು ನೀವೂ ಕಂಡಿರುತ್ತೀರಿ. ಅವರು ಶರೀಫರ ಮೊಹರಂ ಪದಗಳನ್ನು ಓದಿಲ್ಲ. ಕರ್ಬಲಾದ ಕತೆ ಹೇಳುವ ರಿವಾಯತ್ ಪದಗಳು, ಅಲಾವಿಯ ಸುತ್ತ ಹೆಜ್ಜೆ ಹಾಕಿ ಕುಣಿಯುವವರಿಗಾಗಿ ಕಟ್ಟಿದ ಪದಗಳು ಅವರಲ್ಲಿವೆ. ಹಸನ್ ಹುಸೇನರ ಶೋಕವನ್ನು ಧಾರವಾಡದ ಕನ್ನಡದಲ್ಲಿ ಹಾಡಿದವರು, ಗೋವಿಂದ ಗುರುವಿನ ಪಾದಕ್ಕೂ ಅದೇ ಕನ್ನಡದಲ್ಲಿ ಎರಗಿದವರು, ಒಬ್ಬರೇ. ನಾನು ಕೇಳಿದ ಯಾವ ರಾಕ್ ಬ್ಯಾಂಡೂ ಆ ರಿವಾಯತ್ ಪದಗಳನ್ನು ಮುಟ್ಟಿಲ್ಲ. ತಾಳಕ್ಕೆ ಅವುಗಳಷ್ಟು ಒಗ್ಗುವ ಪದ ಬೇರೆ ಇಲ್ಲ. ಹಲಗೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತ ಹಾಡಲೆಂದೇ ಹುಟ್ಟಿದವು. ಆದರೂ ಆಯ್ಕೆಯಾಗುವುದು ಕೋಳಿ, ಗುಡುಗುಡಿ, ಮಾಳಿಗಿ. ಯಾವ ಕೇಳುಗನಿಗೂ ಇರಿಸುಮುರಿಸಾಗದ ಪದಗಳು ಅಂತಲೋ ಏನೋ. ಬ್ಯಾಂಡಿನ ಪದಕೋಶದಲ್ಲಿ ಮತ್ತೆ ಮತ್ತೆ ಬರುವ ಪದಗಳನ್ನು ಎಣಿಸುವವರು, ಒಮ್ಮೆಯೂ ಬರದ ಪದಗಳನ್ನೂ ಬರೆದಿಟ್ಟುಕೊಳ್ಳಬೇಕು. ಅಲಾವಿ, ಪಂಜಾ, ಕರ್ಬಲಾ.

ಇಷ್ಟು ಹೇಳಿದ ಮೇಲೂ ನಾನು ಬ್ಯಾಂಡಿನ ಪಕ್ಷವನ್ನು ಒಂದು ವಿಷಯಕ್ಕೆ ಗಟ್ಟಿಯಾಗಿ ಹಿಡಿಯುತ್ತೇನೆ. ಮೈಸೂರಿನಲ್ಲಿ ಬೆಳೆದವರು ‘ಮಾಳಿಗೆ’ ಅಂತ ತಿದ್ದದೆ ‘ಮಾಳಿಗಿ’ ಅಂತಲೇ ಹಾಡುತ್ತಾರೆ. ಚಿಂತಿ ಚಿಂತೆಯಾಗಿಲ್ಲ, ಸಂತಿ ಸಂತೆಯಾಗಿಲ್ಲ. ಕೊನೆಯ ಆ ಇಕಾರ ಸಣ್ಣದು ಅನಿಸಬಹುದು. ಆದರೆ ಪಠ್ಯಪುಸ್ತಕದಲ್ಲಿ, ರೇಡಿಯೊದಲ್ಲಿ, ನಮ್ಮದೇ ಸಭೆಗಳಲ್ಲಿ ಉತ್ತರ ಕರ್ನಾಟಕದವರು ನಾಚಿಕೊಂಡು ತಿದ್ದಿಕೊಳ್ಳುವುದು ಅದನ್ನೇ ಅಲ್ಲವೇ? ಆ ಇಕಾರ ಇರುವ ತನಕ ಪದದಿಂದ ಊರಿಗೆ, ಊರಿನಿಂದ ಮಣ್ಣಿನ ಮಾಡಿಗೆ ಹಿಂತಿರುಗುವ ದಾರಿ ಮುಚ್ಚಿಲ್ಲ.

ಪುಣೆಗೂ ಆ ದಾರಿ ಹಳೆಯದೇ. ಶರೀಫರು ಬದುಕಿದ್ದು 1819ರಿಂದ 1889ರ ತನಕ, ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ. ಆ ಸೀಮೆಯಿಂದ ಮುಂದೆ ಬೇಂದ್ರೆಯವರು ಫರ್ಗ್ಯುಸನ್ ಕಾಲೇಜಿಗೆ ಓದಲು ಇಲ್ಲಿಗೇ ಬಂದರು. ಗುರು ಗೋವಿಂದ ಭಟ್ಟರ ಕಳಸದ ಹತ್ತಿರದ ಕುಂದಗೋಳ ಸವಾಯಿ ಗಂಧರ್ವರ ಊರು. ಅವರ ಹೆಸರಿನ ಸಂಗೀತೋತ್ಸವವನ್ನು ಪುಣೆಯಲ್ಲಿ 1953ರಿಂದ ಬೆಳೆಸಿದವರು ಅವರ ಶಿಷ್ಯ ಭೀಮಸೇನ ಜೋಶಿ, ಗದಗಿನವರು. ಪ್ರತಿ ಡಿಸೆಂಬರಿನ ಚಳಿಯಲ್ಲಿ ಶಾಲು ಹೊದ್ದು ಕೂತು ಕೇಳುವ ಜನ. 2010ರಲ್ಲಿ ಇದೇ ಊರಿನಲ್ಲಿ ಎನ್‌ಎಚ್ 7 ವೀಕೆಂಡರ್ ಎಂಬ ರಾಕ್ ಸಂಗೀತದ ಉತ್ಸವ ಶುರುವಾಯಿತು, ಅಲ್ಲಿ ಕೂರುವವರೇ ಕಡಿಮೆ. ಧಾರವಾಡ ಸೀಮೆಯ ಒಂದು ದನಿ ಶಾಲು ಹೊದ್ದವರಿಗೆ ಸಿಕ್ಕಿತು, ಇನ್ನೊಂದು ಕುಣಿಯುವವರಿಗೆ. ಮೊದಲನೆಯದರಲ್ಲಿ ರಾಗವೇ ದೊಡ್ಡದು, ಹಾಡಿನ ಮಾತು ಹಿಂದಕ್ಕೆ ಸರಿಯಿತು. ಎರಡನೆಯದರಲ್ಲಿ ಮಾತು ಕನ್ನಡದಲ್ಲೇ ಬಂತು, ಗದ್ದಲದ ನಡುವೆಯಾದರೂ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ ಅಂತ ನನ್ನ ಸಲಹೆ. ಶರೀಫರ ಪದಗಳ ಸಂಗ್ರಹ ಯಾವ ಗ್ರಂಥಾಲಯದಲ್ಲಾದರೂ ಸಿಗುತ್ತದೆ. ಒಂದು ಪುಟಕ್ಕೆ ‘ಮನಿ’ ಅಂತ ತಲೆಬರಹ ಹಾಕಿ, ಆ ಪದ ಎಲ್ಲೆಲ್ಲಿ ಬರುತ್ತದೆ ಗುರುತಿಸಿ. ಪಕ್ಕದಲ್ಲಿ ಆ ಮನೆಯ ಸಾಮಾನು ಯಾವುದು, ಅದನ್ನು ಯಾರು ಬಳಸುತ್ತಿದ್ದರು ಅಂತ ನಿಮ್ಮ ಅಜ್ಜಿಯನ್ನು ಕೇಳಿ ಬರೆಯಿರಿ. ಆಮೇಲೆ ಬ್ಯಾಂಡಿನ ಹಾಡು ಹಾಕಿ, ಜೋರಾಗಿಯೇ ಹಾಕಿ. ನನ್ನ ನೋಟ್‌ಬುಕ್ಕಿನಲ್ಲಿ ‘ಮಾಳಿಗಿ’ಯ ಪುಟ ತುಂಬಿದೆ, ‘ನುಂಗು’ ಅರ್ಧವಾಗಿದೆ. ‘ಸಂತಿ’ ಇನ್ನೂ ಶುರು ಮಾಡಿಲ್ಲ. ಕಾಳಜಿಯ ಪುಟವನ್ನು ನನ್ನ ಗೆಳೆಯನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, ‘ಹಾಗಾದರೆ ಆ ಹಾಡು ನನ್ನನ್ನೇ ಬೈಯುತ್ತಿತ್ತು, ನಾನು ಕುಣಿಯುತ್ತಿದ್ದೆ’ ಅಂದ.